ಎಂಟೂಕಾಲು ಪರ್ಸೆಂಟು ದೊಡ್ಡದೋ, ಎರಡು ರೂಪಾಯಿ ಬಡ್ಡಿಯೋ?

ಪ್ರಶ್ನೆ: ನಾನು ತುಮಕೂರಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ವಯಸ್ಸು 43. 2021ರ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ 30 ಲಕ್ಷ ರೂಪಾಯಿ ಗೃಹಸಾಲ ಪಡೆದು ಕಟ್ಟಿದ ಮನೆ ಕೊಂಡೆವು. ಅವಧಿ 20 ವರ್ಷ, ಆಗಿನ ಬಡ್ಡಿ ಶೇ 7. 2026ರ ಜನವರಿಯವರೆಗೆ 57 ಕಂತುಗಳನ್ನು ಒಂದೂ ತಪ್ಪದೆ ಕಟ್ಟಿದ್ದೇನೆ. ಒಟ್ಟು 13 ಲಕ್ಷ 70 ಸಾವಿರ ಹೋಗಿದೆ. ಆದರೂ ಬಾಕಿ 28 ಲಕ್ಷ 8 ಸಾವಿರ ಇದೆ, ಇನ್ನೂ 224 ಕಂತು ಕಟ್ಟಬೇಕು ಎನ್ನುತ್ತಾರೆ. ಇದು ಹೇಗೆ ಸಾಧ್ಯ? ಲೆಕ್ಕದಲ್ಲಿ ಮೋಸವಿದೆಯೇ? ಈಗ ಚೀಟಿ ಮುಗಿದು 3 ಲಕ್ಷ ಕೈಗೆ ಬಂದಿದೆ. ಪೂರ್ತಿ ಗೃಹಸಾಲಕ್ಕೇ ಹಾಕೋಣ ಎಂದು ನಮ್ಮವರು ಹೇಳುತ್ತಾರೆ. ಊರ ಹೊರಗೆ 12 ಲಕ್ಷಕ್ಕೆ ಒಂದು ಸೈಟು ಇದೆ, ಅದಕ್ಕೆ ಅಡ್ವಾನ್ಸ್ ಕೊಡು ಎನ್ನುತ್ತಾನೆ ಅಣ್ಣ. ಯಾವುದು ಸರಿ? (ಮನೆ ನೋಂದಣಿಯ ಖರ್ಚಿಗೆಂದು ನೆಂಟರಿಂದ ತಂದ 1 ಲಕ್ಷ ಕೈಸಾಲವೂ ಇದೆ. ಅದು ಬರೀ ಎರಡು ರೂಪಾಯಿ ಬಡ್ಡಿ, ಅದಕ್ಕೇನೂ ಅವಸರವಿಲ್ಲ.)

ಉತ್ತರ: ಮೇಡಂ, ಅಂಕಿಗಳನ್ನೆಲ್ಲ ಹೀಗೆ ಬಿಡಿಸಿ ಬರೆದು ಕೇಳಿದ್ದು ಬಹಳ ಉಪಕಾರವಾಯಿತು. ಹದಿಮೂರು ಮುಕ್ಕಾಲು ಲಕ್ಷದ ಹತ್ತಿರ ಕಟ್ಟಿಯೂ ಅಸಲು ಎರಡು ಲಕ್ಷ ಕೂಡ ಇಳಿದಿಲ್ಲ ಎಂದರೆ ಯಾರಿಗಾದರೂ ಸಂಶಯ ಬರುತ್ತದೆ. 2021ರ ಆಸುಪಾಸಿನಲ್ಲಿ ಸಾಲ ಪಡೆದ ಸಾವಿರಾರು ಮನೆಗಳಲ್ಲಿ ಇದೇ ಪ್ರಶ್ನೆ ಇದೆ. ನಿಮ್ಮ ಲೆಕ್ಕವನ್ನು ಕೂತು ಮಾಡಿ ನೋಡಿದೆ. ಬ್ಯಾಂಕ್ ಹೇಳಿರುವ ಬಾಕಿ ಸರಿಯಾಗಿಯೇ ಇದೆ. ಏಕೆ ಸರಿ ಎಂಬುದನ್ನು ಮೊದಲು ನೋಡೋಣ, ಆಮೇಲೆ 3 ಲಕ್ಷದ ವಿಷಯಕ್ಕೆ ಬರೋಣ. ಆವರಣದಲ್ಲಿ ಕೊನೆಗೆ ಸೇರಿಸಿದ ಆ ಕೈಸಾಲದ ಮಾತೇ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಅದಕ್ಕೂ ಬರುತ್ತೇನೆ.

ಗೃಹಸಾಲದಲ್ಲಿ ಬಡ್ಡಿಯನ್ನು ತಿಂಗಳು ತಿಂಗಳೂ ಆ ಹೊತ್ತಿಗೆ ಉಳಿದಿರುವ ಅಸಲಿನ ಮೇಲೆ ಲೆಕ್ಕ ಹಾಕುತ್ತಾರೆ. ಕಂತಿನಿಂದ ಮೊದಲು ಆ ತಿಂಗಳ ಬಡ್ಡಿಯನ್ನು ಕಳೆಯುತ್ತಾರೆ, ಮಿಕ್ಕಿದ್ದು ಅಸಲಿಗೆ ಜಮಾ ಆಗುತ್ತದೆ. 30 ಲಕ್ಷಕ್ಕೆ ಶೇ 7ರಂತೆ ವರ್ಷದ ಬಡ್ಡಿ 2,10,000 ರೂಪಾಯಿ, ತಿಂಗಳಿಗೆ 17,500. ನಿಮ್ಮ ಮೊದಲ ಕಂತು 23,259 ರೂಪಾಯಿ. ಅದರಲ್ಲಿ 17,500 ಬಡ್ಡಿಗೆ ಹೋಗಿ 5,759 ರೂಪಾಯಿ ಅಸಲಿಗೆ ಸೇರಿತು. ಮುಂದಿನ ತಿಂಗಳು ಅಸಲು ಅಷ್ಟು ಕಡಿಮೆ, ಬಡ್ಡಿಯೂ ತುಸು ಕಡಿಮೆ, ಹಾಗಾಗಿ ಅಸಲಿಗೆ ಹೋಗುವ ಪಾಲು ತುಸು ಹೆಚ್ಚು. ದರ ಬದಲಾಗದೆ ಹೀಗೇ ನಡೆದಿದ್ದರೆ 20 ವರ್ಷಕ್ಕೆ ಸರಿಯಾಗಿ ಸಾಲ ತೀರುತ್ತಿತ್ತು. ‘ಬ್ಯಾಂಕಿನವರು ಮೊದಲು ಬಡ್ಡಿಯನ್ನೆಲ್ಲ ಎಳೆದುಕೊಂಡು ಬಿಡುತ್ತಾರೆ’ ಎಂದು ಜನ ಹೇಳುವುದುಂಟು. ಮುಂದಿನ ತಿಂಗಳ ಬಡ್ಡಿಯನ್ನು ಯಾರೂ ಮುಂಗಡವಾಗಿ ಹಿಡಿಯುವುದಿಲ್ಲ. ಆರಂಭದಲ್ಲಿ ಅಸಲು ದೊಡ್ಡದಾಗಿರುವುದರಿಂದ ಬಡ್ಡಿಯೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಆದರೆ ದರ ಸುಮ್ಮನಿರಲಿಲ್ಲ. ನಿಮ್ಮದು ಬದಲಾಗುವ ದರದ ಸಾಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಇಂಥ ಹೊಸ ಗೃಹಸಾಲಗಳನ್ನು ಹೊರಗಿನ ಒಂದು ಮಾನದಂಡಕ್ಕೆ ಕಟ್ಟಿಹಾಕಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಬಹುಪಾಲು ಬ್ಯಾಂಕುಗಳು ರೆಪೊ ದರವನ್ನೇ ಆರಿಸಿಕೊಂಡವು. ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಅಲ್ಪಾವಧಿಗೆ ಹಣ ಕೊಡುವಾಗ ವಿಧಿಸುವ ಬಡ್ಡಿಯೇ ರೆಪೊ ದರ. ಅದರ ಮೇಲೆ ಬ್ಯಾಂಕು ತನ್ನ ಪಾಲನ್ನು ಸೇರಿಸಿಕೊಳ್ಳುತ್ತದೆ. ನಿಮ್ಮ ವಿಷಯದಲ್ಲಿ ಆ ಪಾಲು ಶೇ 3. ನೀವು ಸಾಲ ಪಡೆದಾಗ ರೆಪೊ ದರ ಶೇ 4 ಇತ್ತು. ಕೋವಿಡ್ ಕಾಲದಲ್ಲಿ ಹಾಗೆ ಇಳಿಸಿದ್ದರು. ನಾಲ್ಕು ಮೂರು ಸೇರಿ ಏಳಾಯಿತು. 2022ರ ಮೇ ತಿಂಗಳಿಂದ ಬೆಲೆಯೇರಿಕೆ ತಡೆಯಲು ಅದನ್ನು ಏರಿಸುತ್ತ ಹೋದರು. 2023ರ ಫೆಬ್ರುವರಿಗೆ ಅದು ಶೇ 6.5 ಮುಟ್ಟಿತು, ನಿಮ್ಮ ಬಡ್ಡಿ ಶೇ 9.5 ಆಯಿತು.

ನಿಮ್ಮ ಅನುಮಾನಕ್ಕೆಲ್ಲ ಮೂಲ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡಿ. 2023ರ ಏಪ್ರಿಲ್ ಹೊತ್ತಿಗೆ ನಿಮ್ಮ ಬಾಕಿ ಸುಮಾರು 28 ಲಕ್ಷ 89 ಸಾವಿರ. ಅದಕ್ಕೆ ಶೇ 9.5ರಂತೆ ತಿಂಗಳ ಬಡ್ಡಿಯೇ 22,874 ರೂಪಾಯಿ. ಕಂತು 23,259. ಅಂದರೆ ಅಸಲಿಗೆ ಉಳಿದದ್ದು 385 ರೂಪಾಯಿ! ಆ ವೇಗದಲ್ಲಿ ಸಾಲ ತೀರಲು ಇನ್ನೂ 43 ವರ್ಷ ಬೇಕಾಗುತ್ತಿತ್ತು. ಅಷ್ಟು ದೀರ್ಘ ಅವಧಿಯನ್ನು ಬ್ಯಾಂಕು ಒಪ್ಪುವಂತಿಲ್ಲ. ಆದ್ದರಿಂದ ಒಟ್ಟು ಅವಧಿಯನ್ನು 30 ವರ್ಷಕ್ಕೆ ಎಳೆದು, ಅದಕ್ಕೆ ಹೊಂದುವಂತೆ ಕಂತನ್ನು 24,614ಕ್ಕೆ ಏರಿಸಿತು. ಕಂತು ಆಗ ಸಾವಿರದ ಚಿಲ್ಲರೆ ಹೆಚ್ಚಾಯಿತೆಂದು ನೀವೇ ಪತ್ರದ ಹಿಂಬದಿಯಲ್ಲಿ ಬರೆದಿದ್ದೀರಿ. ಅವಧಿ ಹತ್ತು ವರ್ಷ ಉದ್ದವಾದದ್ದು ಮಾತ್ರ ನಿಮ್ಮ ಗಮನಕ್ಕೆ ಬಂದಿಲ್ಲ. ಆಮೇಲಿನ ಎರಡು ವರ್ಷದಲ್ಲಿ ನೀವು ಕಟ್ಟಿದ ಸುಮಾರು 5 ಲಕ್ಷ 90 ಸಾವಿರದಲ್ಲಿ ಅಸಲಿಗೆ ಹೋದದ್ದು 46 ಸಾವಿರದಷ್ಟು.

2025ರಲ್ಲಿ ಗಾಳಿ ತಿರುಗಿತು. ಫೆಬ್ರುವರಿ, ಏಪ್ರಿಲ್, ಜೂನ್, ಡಿಸೆಂಬರ್ ತಿಂಗಳುಗಳಲ್ಲಿ ರೆಪೊ ದರ ಹಂತ ಹಂತವಾಗಿ ಶೇ 5.25ಕ್ಕೆ ಇಳಿಯಿತು. ನಿಮ್ಮ ಬಡ್ಡಿ ಈಗ ಶೇ 8.25. ಕಂತು ಹಾಗೇ ಇದ್ದು ದರ ಇಳಿದದ್ದರಿಂದ ಎಳೆದಿದ್ದ ಅವಧಿ ತಾನಾಗಿಯೇ ಕುಗ್ಗಿ 224 ಕಂತಿಗೆ ಬಂದು ನಿಂತಿದೆ. ಆದರೂ ಮೊದಲಿನ ಕರಾರಿನಂತೆ ಈಗ 183 ಕಂತು ಉಳಿಯಬೇಕಿತ್ತು. 224 ಕಂತು ಎಂದರೆ 18 ವರ್ಷ 8 ತಿಂಗಳು. ನೀವು ನಿವೃತ್ತರಾಗುವುದು 60ಕ್ಕೆ. ಸಂಬಳ ನಿಂತ ಮೇಲೂ ಒಂದು ವರ್ಷದ ಮೇಲೆ ಕಂತು ಕಟ್ಟಬೇಕಾಗುತ್ತದೆ. ಬಾಕಿಯ ಅಂಕಿಗಿಂತ ನನಗೆ ಹೆಚ್ಚು ಕಳವಳ ತಂದದ್ದು ಇದು.

ಲೆಕ್ಕದಲ್ಲಿ ಮೋಸವಿಲ್ಲ. ಆದರೆ ನಿಮ್ಮನ್ನು ಕೇಳದೆ ಅವಧಿಯನ್ನು ಎಳೆದದ್ದು ಸರಿಯೇ ಎಂದರೆ, ಸರಿಯಲ್ಲ. ರಿಸರ್ವ್ ಬ್ಯಾಂಕಿಗೂ ಹಾಗೆಯೇ ಅನ್ನಿಸಿತು. 2023ರ ಆಗಸ್ಟ್ 18ರಂದು ಅದು ಹೊರಡಿಸಿದ ಸುತ್ತೋಲೆಯ ಪ್ರಕಾರ, ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಬಿಡಬೇಕು. ಭಾಗಶಃ ಅಥವಾ ಪೂರ್ತಿ ಸಾಲವನ್ನು ಅವಧಿಗೆ ಮುಂಚೆ ತೀರಿಸುವ ಆಯ್ಕೆ ಯಾವಾಗಲೂ ತೆರೆದಿರಬೇಕು. ಮೂರು ತಿಂಗಳಿಗೊಮ್ಮೆ ಕೊಡುವ ವಿವರ ಪಟ್ಟಿಯಲ್ಲಿ ಈವರೆಗೆ ವಸೂಲಾದ ಅಸಲು, ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ದರ ಇಷ್ಟೂ ಇರಬೇಕು. ಹಳೆಯ ಸಾಲಗಳಿಗೂ ಆ ವರ್ಷದ ಕೊನೆಯೊಳಗೆ ಇದು ಅನ್ವಯಿಸಬೇಕಿತ್ತು. ನಿಮ್ಮ ಸಾಲದ ಅವಧಿ ಎಳೆದದ್ದು ಏಪ್ರಿಲ್‌ನಲ್ಲಿ, ಸುತ್ತೋಲೆ ಬರುವ ಮುಂಚೆ. ಅಂದು ಕೇಳಿದ್ದರೆ, 20 ವರ್ಷದ ಒಳಗೇ ಮುಗಿಸಲು ಕಂತು 28,000ದ ಹತ್ತಿರ ಆಗುತ್ತಿತ್ತು. ಆಗ ನಿಮ್ಮಿಂದ ಆಗುತ್ತಿತ್ತೋ ಇಲ್ಲವೋ, ಬೇರೆ ಮಾತು. ನಿರ್ಧಾರ ನಿಮ್ಮದಾಗಿರುತ್ತಿತ್ತು.

ಇನ್ನು ಕೈಸಾಲ. ‘ಬರೀ ಎರಡು ರೂಪಾಯಿ’ ಎಂದು ಬರೆದಿದ್ದೀರಿ. ಎಂಟೂಕಾಲಿನ ಪಕ್ಕದಲ್ಲಿ ಎರಡು ಸಣ್ಣದಾಗಿ ಕಾಣುವುದು ಸಹಜ, ಓದು ಬರಹ ಚೆನ್ನಾಗಿ ಬಲ್ಲವರೂ ಇಲ್ಲಿ ಎಡವುತ್ತಾರೆ. ನಮ್ಮ ಕಡೆ ಎರಡು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಬ್ಯಾಂಕಿನ ಎಂಟೂಕಾಲು ನೂರಕ್ಕೆ ವರ್ಷಕ್ಕೆ. ಒಂದನ್ನು ಸೇರಿನಲ್ಲೂ ಇನ್ನೊಂದನ್ನು ಪಲ್ಲದಲ್ಲೂ ಅಳೆದು ಬರಿಯ ಅಂಕಿಗಳನ್ನು ಹೋಲಿಸಿದ ಹಾಗಾಯಿತು. ವರ್ಷಕ್ಕೆ ತಂದರೆ ನಿಮ್ಮ ಕೈಸಾಲದ ಬಡ್ಡಿ ಶೇ 24. ಗೃಹಸಾಲದ ಸುಮಾರು ಮೂರು ಪಟ್ಟು.

1 ಲಕ್ಷಕ್ಕೆ ತಿಂಗಳಿಗೆ 2,000 ರೂಪಾಯಿಯಂತೆ 2021ರಿಂದ 57 ತಿಂಗಳು ಕೊಟ್ಟಿದ್ದರೆ 1,14,000 ರೂಪಾಯಿ ಆಯಿತು. ತಂದ ಹಣಕ್ಕಿಂತ ಹೆಚ್ಚು ಬಡ್ಡಿಯಾಗಿಯೇ ಹೋಗಿದೆ, ಅಸಲು ಒಂದು ರೂಪಾಯಿಯೂ ಇಳಿದಿಲ್ಲ. ಬ್ಯಾಂಕ್ ಸಾಲದಲ್ಲಿ ಕಂತಿನ ಜೊತೆ ಅಸಲೂ ಸವೆಯುತ್ತದೆ. ಕೈಸಾಲದಲ್ಲಿ ಗಂಟಾಗಿ ತಂದದ್ದನ್ನು ಗಂಟಾಗಿಯೇ ಹಿಂತಿರುಗಿಸುವವರೆಗೆ ಬಡ್ಡಿ ನಡೆಯುತ್ತಲೇ ಇರುತ್ತದೆ.

ನೋಂದಣಿ ಖರ್ಚಿಗೆ ಕೈಸಾಲ ಮಾಡಿದ್ದಕ್ಕೆ ನಿಮ್ಮನ್ನು ದೂರುವಂತಿಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಬ್ಯಾಂಕುಗಳು ಸಾಮಾನ್ಯವಾಗಿ ಮನೆಯ ಬೆಲೆಯೊಳಗೆ ಲೆಕ್ಕ ಹಿಡಿಯುವುದಿಲ್ಲ, ಅದನ್ನು ಕೈಯಿಂದಲೇ ಹಾಕಬೇಕು. ಬ್ಯಾಂಕ್ ಸಾಲ ಮಂಜೂರಾಯಿತು ಎಂದು ನಿರಾಳವಾದವರಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವ ವಾರದಲ್ಲಿ ಈ ವಿಷಯ ತಿಳಿಯುತ್ತದೆ. ಕೈಸಾಲ ಹುಟ್ಟುವುದು ಅಂಥ ವಾರದಲ್ಲೇ. ಮನೆ ಕೊಳ್ಳಲು ಹೊರಟಿರುವ ಇತರ ಓದುಗರು ಈ ಖರ್ಚನ್ನು ಮೊದಲೇ ಎತ್ತಿಡಬೇಕೆಂದು ಇಲ್ಲಿ ಹೇಳಿಬಿಡುತ್ತೇನೆ.

ಈಗ ನಿಮ್ಮ 3 ಲಕ್ಷ. ಎರಡು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಮಾಡಿದೆ.

ಮೊದಲನೆಯದು ನಿಮ್ಮ ಯಜಮಾನರು ಹೇಳಿದ ದಾರಿ. 3 ಲಕ್ಷವನ್ನೂ ಗೃಹಸಾಲಕ್ಕೆ ಹಾಕಿ, ಕಂತನ್ನು 24,614ರಲ್ಲೇ ಉಳಿಸಿಕೊಂಡರೆ ಬಾಕಿ 25 ಲಕ್ಷ 8 ಸಾವಿರಕ್ಕೆ ಇಳಿಯುತ್ತದೆ. ಉಳಿಯುವ ಕಂತುಗಳು 176. ಅಂದರೆ 48 ಕಂತು, ನಾಲ್ಕು ವರ್ಷ, ಕಡಿಮೆಯಾಯಿತು. ಒಳ್ಳೆಯ ಫಲವೇ. ಆದರೆ ಕೈಸಾಲದ 2,000 ಬಡ್ಡಿ ತಿಂಗಳು ತಿಂಗಳೂ ನಡೆಯುತ್ತದೆ, ಕೈ ಪೂರ್ತಿ ಬರಿದಾಗುತ್ತದೆ.

ಎರಡನೆಯ ದಾರಿ ಹೀಗೆ. 1 ಲಕ್ಷವನ್ನು ನೆಂಟರಿಗೆ ಕೊಟ್ಟು ಕೈಸಾಲ ತೀರಿಸಿ. 1 ಲಕ್ಷವನ್ನು ಆಪತ್ತಿಗೆಂದು ಇಟ್ಟುಕೊಳ್ಳಿ. ಉಳಿದ 1 ಲಕ್ಷವನ್ನು ಗೃಹಸಾಲಕ್ಕೆ ಹಾಕಿ. ಕೈಸಾಲ ತೀರಿದ್ದರಿಂದ ತಿಂಗಳಿಗೆ ಉಳಿಯುವ 2,000 ರೂಪಾಯಿಯನ್ನು ಕಂತಿಗೇ ಸೇರಿಸಿ, ಕಂತು 26,614 ಆಗಲಿ. ನಿಮ್ಮ ಕೈಯಿಂದ ತಿಂಗಳಿಗೆ ಹೋಗುವ ಒಟ್ಟು ಹಣ ಈಗಿರುವಷ್ಟೇ. ಆಗ ಬಾಕಿ 27 ಲಕ್ಷ 8 ಸಾವಿರ, ಉಳಿಯುವ ಕಂತುಗಳು ಎಷ್ಟು ಗೊತ್ತೇ? ಅದೂ 176!

ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿದೆ, ಉತ್ತರ ಅದೇ. ಗೃಹಸಾಲ ಎರಡು ದಾರಿಯಲ್ಲೂ 14 ವರ್ಷ 8 ತಿಂಗಳಿಗೆ ತೀರುತ್ತದೆ, ಮೊದಲಿನ 20 ವರ್ಷದ ಕರಾರಿಗಿಂತಲೂ ಏಳು ತಿಂಗಳು ಮುಂಚೆ, ನಿಮ್ಮ ನಿವೃತ್ತಿಗೂ ಸಾಕಷ್ಟು ಮುಂಚೆ. ಎರಡನೆಯ ದಾರಿಯಲ್ಲಿ ಅದರ ಜೊತೆಗೆ ಕೈಸಾಲ ಇಲ್ಲ, 1 ಲಕ್ಷ ಕೈಯಲ್ಲೂ ಇದೆ. ಶೇ 24ರ ಸಾಲಕ್ಕೆ ಹಾಕಿದ 1 ಲಕ್ಷ ಮಾಡುವ ಕೆಲಸ ಅಂಥದ್ದು. ಗೃಹಸಾಲಕ್ಕೆ ಹಾಕಿದ 1 ಲಕ್ಷ ತಿಂಗಳಿಗೆ 687 ರೂಪಾಯಿ ಬಡ್ಡಿ ಉಳಿಸುತ್ತದೆ, ಕೈಸಾಲಕ್ಕೆ ಹಾಕಿದ 1 ಲಕ್ಷ 2,000 ಉಳಿಸುತ್ತದೆ. ಎರಡನೆಯದನ್ನೇ ನಾನು ಸಲಹೆ ಕೊಡುವುದು, ಇದರಲ್ಲಿ ನನಗೆ ಸಂಶಯವಿಲ್ಲ. ಯಜಮಾನರಿಗೂ ಈ ಲೆಕ್ಕ ತೋರಿಸಿ. ಅವರು ಹೇಳಿದ ದಿಕ್ಕು ಸರಿಯಾಗಿಯೇ ಇದೆ, ಹಾಕುವ ಕ್ರಮ ಮಾತ್ರ ಬದಲಾಗಬೇಕು.

ಆಪತ್ತಿನ 1 ಲಕ್ಷವನ್ನೂ ಸಾಲಕ್ಕೇ ಹಾಕಬಾರದೇಕೆ ಎಂದು ಕೇಳಬಹುದು. ಗೃಹಸಾಲಕ್ಕೆ ಹೋದ ಹಣವನ್ನು ಬೇಕೆಂದಾಗ ಹಿಂದೆ ಪಡೆಯುವುದು ಸಾಮಾನ್ಯ ಸಾಲದಲ್ಲಿ ಆಗುವುದಿಲ್ಲ. ಆಸ್ಪತ್ರೆಯ ಖರ್ಚೋ, ಸಂಬಳ ತಡವಾಗುವುದೋ ಬಂದರೆ ಮತ್ತೆ ಅದೇ ನೆಂಟರ ಬಾಗಿಲಿಗೆ ಹೋಗಬೇಕಾಗುತ್ತದೆ. ಅನುದಾನಿತ ಶಾಲೆಗಳಲ್ಲಿ ಸಂಬಳದ ಅನುದಾನ ಬಿಡುಗಡೆ ತಡವಾಗುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1 ಲಕ್ಷ ಎಂದರೆ ನಿಮಗೆ ಮೂರು ಮುಕ್ಕಾಲು ತಿಂಗಳ ಕಂತು. ಉಳಿತಾಯ ಖಾತೆಯಲ್ಲೋ, ಯಾವಾಗ ಬೇಕಾದರೂ ಮುರಿಯಬಹುದಾದ ಠೇವಣಿಯಲ್ಲೋ ಇರಲಿ. ಅದಕ್ಕೆ ಬಡ್ಡಿ ಕಡಿಮೆ ಬರುತ್ತದೆ ಎಂದು ಬೇಸರ ಬೇಡ, ಅದು ಗಳಿಸಲು ಇಟ್ಟ ಹಣವಲ್ಲ.

ನೆಂಟರಿಗೆ ಹಣ ಕೊಡುವಾಗ ಬ್ಯಾಂಕ್ ಖಾತೆಯ ಮೂಲಕವೇ ಕೊಡಿ. ಸಾಲ ತಂದಾಗ ಪ್ರೋನೋಟು ಬರೆದುಕೊಟ್ಟಿದ್ದರೆ, ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದರೆ, ಅಂದೇ ವಾಪಸು ಪಡೆಯಿರಿ, ‘ಅಸಲು ಬಡ್ಡಿ ಪೂರ್ತಿ ತೀರಿದೆ’ ಎಂದು ಒಂದು ಸಾಲು ಬರೆಸಿಕೊಳ್ಳಿ. ನೆಂಟರನ್ನು ಕೇಳುವುದು ಹೇಗೆ ಎಂಬ ಸಂಕೋಚ ಇರುತ್ತದೆ. ಒಳ್ಳೆಯ ಸಂಬಂಧವಿರುವಾಗಲೇ ಕೇಳುವುದು ಸುಲಭ.

ಬ್ಯಾಂಕಿಗೆ ಹೋಗುವಾಗ ಒಂದು ಪತ್ರ ಬರೆದುಕೊಂಡು ಹೋಗಿ. ‘1 ಲಕ್ಷ ರೂಪಾಯಿಯನ್ನು ಅಸಲಿಗೆ ಜಮಾ ಮಾಡಿಕೊಳ್ಳಿ. ಕಂತನ್ನು 26,614ಕ್ಕೆ ಏರಿಸಿ, ಅವಧಿಯನ್ನು ಅದಕ್ಕೆ ತಕ್ಕಂತೆ ಇಳಿಸಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಹೀಗೆ ಬರೆಯದಿದ್ದರೆ ಕೆಲವೊಮ್ಮೆ ಅವಧಿಯನ್ನು ಹಾಗೇ ಬಿಟ್ಟು ಕಂತನ್ನು ಇಳಿಸಿಬಿಡುತ್ತಾರೆ. ಕಂತು ಇಳಿದರೆ ಈ ತಿಂಗಳು ಹಗುರವೆನಿಸುತ್ತದೆ, ಸಾಲ ಮಾತ್ರ ನಿವೃತ್ತಿಯ ಆಚೆಗೇ ನಿಲ್ಲುತ್ತದೆ. ಬ್ಯಾಂಕಿನವರು ಮುಂಚಿತ ಪಾವತಿಗೆ ದಂಡ ಎಂದರೆ ಒಪ್ಪಬೇಡಿ. ವ್ಯಕ್ತಿಗಳು ಪಡೆದ ಬದಲಾಗುವ ದರದ ಗೃಹಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕುಗಳು ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಅದೇ ಪತ್ರದಲ್ಲಿ, ರೆಪೊ ದರದ ಮೇಲೆ ನನ್ನಿಂದ ಪಡೆಯುತ್ತಿರುವ ಶೇ 3ರ ಪಾಲನ್ನು ಇಳಿಸುವಿರಾ ಎಂದೂ ಕೇಳಿ. ಹೊಸ ಗ್ರಾಹಕರಿಗೆ ಕಡಿಮೆ ದರ ಕೊಟ್ಟು ಹಳಬರನ್ನು ಹಳೆಯ ದರದಲ್ಲೇ ಬಿಡುವುದು ಸಾಮಾನ್ಯ. ಕೇಳಿದವರಿಗೆ, ಅದರಲ್ಲೂ ಒಂದೂ ಕಂತು ತಪ್ಪದವರಿಗೆ, ಒಂದಿಷ್ಟು ಶುಲ್ಕ ಪಡೆದು ಇಳಿಸುವುದುಂಟು. ಆ ಬ್ಯಾಂಕು ಒಪ್ಪದಿದ್ದರೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಬಹುದು. ಆದರೆ ಅಲ್ಲಿ ಮತ್ತೆ ಪರಿಶೀಲನಾ ಶುಲ್ಕ, ವಕೀಲರ ಶುಲ್ಕ, ಅಡಮಾನ ಪತ್ರದ ಮುದ್ರಾಂಕ ಖರ್ಚು ಇರುತ್ತವೆ. ಅವನ್ನೆಲ್ಲ ಕೂಡಿಸಿ ನೋಡಿದ ಮೇಲೂ ಉಳಿತಾಯ ಕಂಡರೆ ಮಾತ್ರ ಹೆಜ್ಜೆ ಇಡಿ.

ಆದಾಯ ತೆರಿಗೆಯ ಮಾತು ಎತ್ತಿ ‘ಸಾಲ ಇದ್ದರೇ ಒಳ್ಳೆಯದು’ ಎನ್ನುವ ಸಹೋದ್ಯೋಗಿಗಳು ಇದ್ದೇ ಇರುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿ ನೀವೇ ವಾಸವಿರುವ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಹಳೆಯ ಪದ್ಧತಿಯಲ್ಲಿದ್ದರೆ ವರ್ಷಕ್ಕೆ ಗರಿಷ್ಠ 2 ಲಕ್ಷದ ಬಡ್ಡಿಗೆ ಸಿಗುತ್ತದೆ. 1 ಲಕ್ಷ ತೀರಿಸಿದ ಮೇಲೂ ನಿಮ್ಮ ವರ್ಷದ ಬಡ್ಡಿ 2 ಲಕ್ಷ 20 ಸಾವಿರದ ಆಸುಪಾಸಿನಲ್ಲಿ ಇರುವುದರಿಂದ ಸದ್ಯಕ್ಕೆ ಆ ಲಾಭಕ್ಕೂ ಕುಂದಿಲ್ಲ.

ಅಣ್ಣನ ಸೈಟಿನ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ. 12 ಲಕ್ಷದಲ್ಲಿ 3 ಲಕ್ಷ ಅಡ್ವಾನ್ಸ್ ಹೋದರೆ ಉಳಿದ 9 ಲಕ್ಷ ಎಲ್ಲಿಂದ? ಭೂಪರಿವರ್ತನೆಯಾಗದ, ಬಡಾವಣೆಗೆ ಅನುಮೋದನೆ ಇಲ್ಲದ ರೆವಿನ್ಯೂ ಸೈಟಿಗೆ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಹಾಗಾದರೆ ಮತ್ತೆ ಕೈಸಾಲ. 9 ಲಕ್ಷಕ್ಕೆ ‘ಎರಡು ರೂಪಾಯಿ’ ಎಂದರೆ ತಿಂಗಳಿಗೆ 18,000. ಅದು ಅನುಮೋದಿತ ಸೈಟೇ ಆಗಿದ್ದು ಬ್ಯಾಂಕು ಸಾಲ ಕೊಟ್ಟರೂ, ಈಗಿನ ಕಂತಿನ ಜೊತೆಗೆ ಇನ್ನೊಂದು ಕಂತು ನಿಮ್ಮ ಸಂಬಳದ ಮೇಲೆ ಬೀಳುತ್ತದೆ, ಸೈಟಿನಿಂದ ಬಾಡಿಗೆಯೂ ಬರುವುದಿಲ್ಲ. ಅಣ್ಣ ನಿಮ್ಮ ಒಳ್ಳೆಯದಕ್ಕೇ ಹೇಳಿರಬಹುದು. ಈ ವರ್ಷ ಬೇಡ ಎಂದು ಹೇಳಿಬಿಡಿ.

ಪತ್ರ ಕೊಟ್ಟು ಸ್ವೀಕೃತಿ ಪಡೆದ ಮೇಲೆ ಮುಂದಿನ ವಿವರ ಪಟ್ಟಿ ಬಂದಾಗ ಉಳಿದ ಕಂತುಗಳ ಸಂಖ್ಯೆಯನ್ನು ಮೊದಲು ನೋಡಿ. ಅಲ್ಲಿ 176ರ ಹತ್ತಿರದ ಅಂಕಿ ಇರಬೇಕು. 224 ಎಂದೋ, 176ಕ್ಕಿಂತ ಬಹಳ ಹೆಚ್ಚೋ ಇದ್ದರೆ ನಿಮ್ಮ ಪತ್ರದಂತೆ ಅವರು ಮಾಡಿಲ್ಲವೆಂದು ಅರ್ಥ. ಸ್ವೀಕೃತಿಯ ಪ್ರತಿ ಹಿಡಿದು ಮತ್ತೆ ಕೇಳಿ, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.